ನಾಲ್ಕು ಬೀಪ್ ಬಂದರೆ ಟವೆಲ್ ಬೀಸುತ್ತಾ ನಿಲ್ಲಬೇಡಿ

ಈ ಅಲಾರಾಂ ತಗೊಂಡು ಹತ್ತು ತಿಂಗಳಾಯ್ತು. ಹೊಗೆಗೂ ಕಾರ್ಬನ್ ಮೊನಾಕ್ಸೈಡಿಗೂ (ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ವಿಷಾನಿಲ) ಸೇರಿ ಒಂದೇ ಡಬ್ಬಿ. ಚಹಾ ಬಸಿಯಷ್ಟು ಅಗಲ, ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ. ನನಗೆ 3,800 ರೂಪಾಯಿ ಬಿತ್ತು. ಧಾರಾಳವಾಗಿ ತಗೊಳ್ಳಿ. ಆದರೆ ಗೋಡೆಗೆ ಹಾಕುವ ಮೊದಲು ಜೊತೆಗೆ ಬರುವ ಚೀಟಿಯನ್ನು ಪೂರ್ತಿ ಓದಿ. ನಾವು ಓದಿರಲಿಲ್ಲ.

ನಾವಿರುವುದು ಪುಣೆಯ ಸಿಂಹಗಡ ರಸ್ತೆಯಲ್ಲಿ, ನಾಲ್ಕನೇ ಮಹಡಿ. ಮೊದಲು ಇದನ್ನು ಅಡುಗೆಮನೆ ಬಾಗಿಲ ಮೇಲೆ ಹಾಕಿದ್ದೆವು. ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಸಾಕು, ಶುರು. ಅತ್ತೆ ಹುಬ್ಬಳ್ಳಿಯವರು, "ಏನವಾ ಇದು, ಸುಮ್ಮ ಸುಮ್ಮನ ಬಡ್ಕೊಳ್ಳಾಕ ಹತ್ತೈತಿ" ಅಂತ ಟವೆಲ್ ತಗೊಂಡು ಬೀಸುತ್ತಿದ್ದರು, ಅದು ಸುಮ್ಮನಾಗುತ್ತಿತ್ತು. ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ ಇರಬೇಕು ಅಂತ ಆಮೇಲೆ ಗೊತ್ತಾಗಿ ಮಲಗುವ ಕೋಣೆಗಳ ಮುಂದಿನ ಪ್ಯಾಸೇಜಿಗೆ ಹಾಕಿದೆವು. ಆದರೆ ಟವೆಲ್ ಬೀಸುವ ಅಭ್ಯಾಸ ಉಳಿದುಬಿಟ್ಟಿತ್ತು.

ಜನವರಿಯ ಒಂದು ಭಾನುವಾರ. ಪುಣೆಯ ಚಳಿ, ಕಿಟಕಿ ಎಲ್ಲ ಹಾಕಿದ್ದೆವು. ಗ್ಯಾಸ್ ಗೀಜರ್ ಬಚ್ಚಲಲ್ಲೇ ಇತ್ತು, ನಮ್ಮನೆಯವರ ಸ್ನಾನ ಆಗಿ ಮಗ ಹೋಗಿದ್ದ, ಅವನದು ಯಾವಾಗಲೂ ಅರ್ಧ ಗಂಟೆ. ಅಲಾರಾಂ ಕೂಗಿತು. ಒಲೆ ಹಚ್ಚಿರಲಿಲ್ಲ, ಹೊಗೆ ಇಲ್ಲ, ಏನೂ ವಾಸನೆ ಇಲ್ಲ. ಅತ್ತೆ ಟವೆಲ್ ಬೀಸಿದರು. ನಾನು ಬಟನ್ ಒತ್ತಿ ಬಾಯಿ ಮುಚ್ಚಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ, ನಾಲ್ಕು ಬೀಪ್, ತುಸು ಬಿಡುವು, ಮತ್ತೆ ನಾಲ್ಕು. ಹಾಳಾಗಿದೆ ಅಂದುಕೊಂಡು ಸೆಲ್ ತೆಗೆಯಲು ಸ್ಟೂಲ್ ಹತ್ತಿದ್ದೆ, ಆಗ ಅದರ ಮೈಮೇಲಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಮೂರು ಬೀಪ್ ಹೊಗೆಗೆ, ನಾಲ್ಕು ಕಾರ್ಬನ್ ಮೊನಾಕ್ಸೈಡಿಗೆ.

ಬಚ್ಚಲ ಬಾಗಿಲು ಬಡಿದೆವು. ಮಗ ಗೋಡೆ ಹಿಡಿದುಕೊಂಡು ಹೊರಗೆ ಬಂದ, "ಅಮ್ಮಾ, ತಲೆ ಧಿಮ್ ಅಂತಿದೆ" ಅಂದ, ಮುಖ ಬೆವರಿತ್ತು. ನಮ್ಮನೆಯವರು ಗೀಜರಿನ ಗ್ಯಾಸ್ ಬಂದ್ ಮಾಡಿದರು, ನಾನು ಬಾಗಿಲು ಹಾರು ಹೊಡೆದು ಎಲ್ಲರನ್ನೂ ಕೆಳಗೆ ಪಾರ್ಕಿಂಗಿಗೆ ಇಳಿಸಿದೆ. ಕೋವಿಡ್ ಕಾಲದ ಆಕ್ಸಿಮೀಟರ್ ಕೈಯಲ್ಲಿತ್ತು, ಅವನ ಬೆರಳಿಗೆ ಹಾಕಿದರೆ 98 ತೋರಿಸಿತು. ನನಗೆ ಹೋದ ಜೀವ ಬಂದಂತಾಯ್ತು. ಆದರೆ ಆ ಯಂತ್ರಕ್ಕೆ ರಕ್ತದಲ್ಲಿರುವುದು ಆಕ್ಸಿಜನ್ನೋ ಈ ವಿಷಾನಿಲವೋ ಗೊತ್ತಾಗುವುದಿಲ್ಲವಂತೆ, ಎರಡನ್ನೂ ಒಂದೇ ಅಂತ ಓದುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಬದಿಗಿಟ್ಟು ರಕ್ತ ತೆಗೆದುಕೊಂಡರು, ಕೆಲವು ಗಂಟೆ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟರು. ಸಂಜೆ ಮನೆಗೆ ಬಂದ. ಈಗ ಆರಾಮಿದ್ದಾನೆ.

ಗಾಳಿಯಲ್ಲಿ ಈ ಅನಿಲ ಸ್ವಲ್ಪ ಸುಳಿದ ಮಾತ್ರಕ್ಕೆ ಇದು ಕೂಗುವುದಿಲ್ಲ. ಡಬ್ಬದ ಮೇಲೆ ಯುಎಲ್ 2034 ಅಂತ ಇದೆಯಲ್ವಾ, ಅದು ಇಂಥ ಅಲಾರಾಂಗಳಿಗಿರುವ ಅಮೆರಿಕದ ಸುರಕ್ಷತಾ ಮಾನದಂಡ, ಆ ಲೆಕ್ಕದಲ್ಲಿ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಅಂದರೆ ಕೂಗುವ ಹೊತ್ತಿಗೆ ನಾವು ಆ ಗಾಳಿಯನ್ನು ಆಗಲೇ ಉಸಿರಾಡಿರುತ್ತೇವೆ. ಇದು ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ, ಹಾಗಾಗಿ "ಏನೂ ಇಲ್ವಲ್ಲ" ಅಂತ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ, ಅಲ್ಲಿಂದ ತುರ್ತು ಸೇವೆಯ 112ಕ್ಕೋ ಅಗ್ನಿಶಾಮಕದವರ 101ಕ್ಕೋ ಫೋನ್ ಮಾಡಿ. ಅವರು ಬಂದು ನೋಡುವ ತನಕ ಒಳಗೆ ಹೋಗಬೇಡಿ.

ಮೂರು ಬೀಪ್ ಬಂದು ನಿಜಕ್ಕೂ ಹೊಗೆ ಇದ್ದರೆ ಬಗ್ಗಿಕೊಂಡೇ ಹೋಗಬೇಕು, ಮುಚ್ಚಿದ ಬಾಗಿಲನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಬೇಕು, ಬಿಸಿ ಇದ್ದರೆ ತೆಗೆಯಬಾರದು, ಲಿಫ್ಟ್ ಬೇಡವೇ ಬೇಡ. ನಮ್ಮ ಸೇಫ್ಟಿ ಡೋರಿನ ಕೀಲಿ ಅತ್ತೆಯ ಗೊಂಚಲಿನಲ್ಲಿ, ಆ ಗೊಂಚಲು ಕಪಾಟಿನಲ್ಲಿ ಇರುತ್ತಿತ್ತು. ಈಗ ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದೇವೆ. ನಿಮಿಷಕ್ಕೊಮ್ಮೆ ಒಂದೇ ಒಂದು ಚಿಕ್ ಅಂದರೆ ಮಾತ್ರ ಸೆಲ್ ಮುಗಿದಿದೆ ಅಂತ.

ಇನ್ನೊಂದು ಮಾತು. ಇದು ಸಿಲಿಂಡರ್ ಗ್ಯಾಸ್ ಸೋರಿಕೆ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಡಿಟೆಕ್ಟರ್ ಬೇಕು, ಎಲ್‌ಪಿಜಿ ಗಾಳಿಗಿಂತ ಭಾರ ಇರುವುದರಿಂದ ಅದನ್ನು ನೆಲದ ಹತ್ತಿರ ಹಾಕಬೇಕು. ಎಲ್‌ಪಿಜಿ ಸೋರಿದರೆ 1906ಕ್ಕೆ ಫೋನ್ ಮಾಡಿ.

ಗೀಜರ್ ಕೂರಿಸಿದವನು ಹೊಗೆ ಹೋಗುವ ಪೈಪೇ ಹಾಕಿರಲಿಲ್ಲ. ಬೇರೆಯವರನ್ನು ಕರೆಸಿ ಡ್ರೈ ಬಾಲ್ಕನಿಗೆ (ಬಟ್ಟೆ ಒಗೆದು ಒಣಗಿಸುವ ತೆರೆದ ಜಾಗ) ಸಾಗಿಸಿದೆವು, ಈಗ ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ಬರುತ್ತದೆ.

ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಕಡಿಮೆ ಯಾಕೆಂದರೆ ಬೀಪಿನ ಲೆಕ್ಕವನ್ನು ಹಳೇ ಕಾಲದ ಬಸ್ ಟಿಕೆಟ್ಟಿನ ಅಕ್ಷರದಷ್ಟು ಸಣ್ಣದಾಗಿ, ಅದೂ ಇಂಗ್ಲಿಷಿನಲ್ಲಿ ಮಾತ್ರ ಬರೆದಿದ್ದಾರೆ. ನಾನು ದೊಡ್ಡ ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೆಳಗೆ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಅತ್ತೆಯೇ ಪೊರಕೆ ಹಿಡಿಯಿಂದ ಟೆಸ್ಟ್ ಬಟನ್ ಒತ್ತುತ್ತಾರೆ. ಹುಬ್ಬಳ್ಳಿಯಲ್ಲಿ ನಾದಿನಿ ಮನೆಯಲ್ಲೂ ಬಚ್ಚಲೊಳಗೇ ಗೀಜರ್ ಇದೆ, ಇವತ್ತು ಅವರ ವಿಳಾಸಕ್ಕೆ ಇನ್ನೊಂದು ಆರ್ಡರ್ ಹಾಕಿದೆ.