ಬರ್ಲಿನ್ನಿನ ಕೇಟೆ ಕೊಲ್ವಿಟ್ಸ್ ಮ್ಯೂಸಿಯಂ: ರಣರಂಗವೇ ಇಲ್ಲದ ಯುದ್ಧಚಿತ್ರಗಳು

ಬರ್ಲಿನ್ನಿಗೆ ಬಂದ ನಮ್ಮವರು ಶಾರ್ಲೊಟೆನ್‌ಬುರ್ಗ್ ಅರಮನೆಯನ್ನೂ ಅದರ ಉದ್ಯಾನವನ್ನೂ ನೋಡಿ ಹಿಂದಿರುಗುವುದೇ ಹೆಚ್ಚು. ಅದೇ ಆವರಣದ ಹಳೆಯ ನಾಟಕಶಾಲೆಯ ಕಟ್ಟಡದಲ್ಲಿ 2022ರಿಂದ ಜರ್ಮನ್ ಕಲಾವಿದೆ ಕೇಟೆ ಕೊಲ್ವಿಟ್ಸ್ ಅವರ ಕೃತಿಗಳ ಮ್ಯೂಸಿಯಂ ಇದೆ. ರಿಚರ್ಡ್ ವಾಗ್ನರ್ ಪ್ಲಾಟ್ಸ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಅರಮನೆಗೆಂದು ಮೀಸಲಿಟ್ಟ ದಿನದಲ್ಲಿ ಎರಡು ಗಂಟೆಯನ್ನಾದರೂ ಇದಕ್ಕೆ ಉಳಿಸಿಕೊಳ್ಳಿ ಎಂದು ಒತ್ತಾಯಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೊಲ್ವಿಟ್ಸ್ (1867–1945) ಅವರ ಪತಿ ಕಾರ್ಲ್ ಬರ್ಲಿನ್ನಿನ ಬಡ ಕಾರ್ಮಿಕರ ಬಡಾವಣೆಯೊಂದರಲ್ಲಿ ವೈದ್ಯರಾಗಿದ್ದರು. ಕಾರ್ಮಿಕರನ್ನು ತಾನು ಮೊದಲು ಚಿತ್ರಿಸಿದ್ದು ಕನಿಕರದಿಂದಲ್ಲ, ಅವರ ಬದುಕಿನಲ್ಲಿ ಸೌಂದರ್ಯ ಕಂಡದ್ದರಿಂದ ಎಂದು ಈ ಕಲಾವಿದೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಪತಿಯ ಬಳಿ ಔಷಧಕ್ಕೆ ಬಂದ ಹೆಂಗಸರು ಮನೆಯ ಕಷ್ಟಗಳನ್ನು ಈಕೆಯ ಮುಂದೆಯೂ ತೋಡಿಕೊಳ್ಳತೊಡಗಿದ ಮೇಲೆಯೇ ಆ ಬದುಕಿನ ಭಾರ ತಿಳಿಯಿತಂತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ನೇಕಾರರ ದಂಗೆಯನ್ನು ಕುರಿತ ಆರು ಚಿತ್ರಗಳಲ್ಲಿ ಮೆರವಣಿಗೆಗಿಂತಲೂ ಮಗುವಿನ ಹಾಸಿಗೆಯ ಬಳಿ ತಲೆ ಹಿಡಿದು ಕುಳಿತ ತಾಯಿಯೇ ಏಕೆ ಹೆಚ್ಚು ಕಾಡುತ್ತಾಳೆಂಬುದು ಅರ್ಥವಾಗುತ್ತದೆ.

1903ರ ಒಂದು ಎಚಿಂಗ್‌ನಲ್ಲಿ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಒತ್ತಿದ ಅಚ್ಚುಚಿತ್ರ) ತಾಯಿಯೊಬ್ಬಳು ಸತ್ತ ಮಗುವನ್ನು ಮೈಗೆ ಒತ್ತಿಕೊಂಡು ಕುಳಿತಿದ್ದಾಳೆ. ಅದಕ್ಕಾಗಿ ಕೊಲ್ವಿಟ್ಸ್ ತಮ್ಮ ಏಳು ವರ್ಷದ ಮಗ ಪೀಟರ್‌ನನ್ನು ತೋಳಲ್ಲಿ ಹಿಡಿದು, ಕನ್ನಡಿಯಲ್ಲಿ ನೋಡಿಕೊಂಡು ಚಿತ್ರಿಸಿದ್ದರು. ಹನ್ನೊಂದು ವರ್ಷಗಳ ನಂತರ, 1914ರ ಅಕ್ಟೋಬರಿನಲ್ಲಿ, ಆ ಪೀಟರ್ ಬೆಲ್ಜಿಯಂನಲ್ಲಿ ಹತನಾದ. ಅವನಿಗೆ 18 ವರ್ಷ. ಸ್ವಯಂಸೇವಕನಾಗಿ ಸೇನೆ ಸೇರಲು ಅವನಿಗೆ ತಂದೆಯ ಒಪ್ಪಿಗೆ ಬೇಕಿತ್ತು. ಒಪ್ಪದ ತಂದೆಯನ್ನು ಒಪ್ಪಿಸಿದವರು ಸ್ವತಃ ತಾಯಿ. ಈ ಸಂಗತಿ ತಿಳಿಯದವರಿಗೆ ಮುಂದಿನ ಚಿತ್ರಗಳು ಬರೀ ದುಃಖದ ಚಿತ್ರಗಳಾಗಿ ಕಂಡಾವು. ಅವುಗಳಲ್ಲಿ ತಪ್ಪೊಪ್ಪಿಗೆಯೂ ಇದೆ.

‘ಯುದ್ಧ’ ಎಂಬ ಏಳು ಮರದಚ್ಚಿನ ಚಿತ್ರಗಳ ಮುಂದೆ ನಾನು ಅತಿ ಹೆಚ್ಚು ಹೊತ್ತು ನಿಂತೆ. ಈ ವಸ್ತುವನ್ನು ಎಚಿಂಗ್‌ನಲ್ಲಿಯೂ ಕಲ್ಲಚ್ಚಿನಲ್ಲಿಯೂ ಪ್ರಯತ್ನಿಸಿ ತೃಪ್ತಿ ಕಾಣದ ಕಲಾವಿದೆ, 1920ರಲ್ಲಿ ಜರ್ಮನ್ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ಕಂಡ ಮೇಲೆ ಉಳಿ ಹಿಡಿದರು. ಏಳರಲ್ಲಿ ಒಂದರಲ್ಲಿಯೂ ಫಿರಂಗಿಯಿಲ್ಲ, ಶತ್ರುವಿಲ್ಲ, ರಣರಂಗವೇ ಇಲ್ಲ. ಮೊದಲನೆಯದರಲ್ಲಿ ತಾಯಿ ತನ್ನ ಹಸುಗೂಸನ್ನು ತಾನೇ ಎತ್ತಿ ಬಲಿಗೆ ಒಪ್ಪಿಸುತ್ತಾಳೆ; ಎರಡನೆಯದರಲ್ಲಿ ಸಾವು ತಮ್ಮಟೆ ಬಾರಿಸುತ್ತ ನಡೆದರೆ ಹುಡುಗರು ಮೈಮರೆತು ಅದರ ಹಿಂದೆ ಹೊರಟಿದ್ದಾರೆ, ಸಾವಿಗೆ ಎಲ್ಲರಿಗಿಂತ ಹತ್ತಿರ ಇರುವವನು ಪೀಟರ್. ಉಳಿದವೆಲ್ಲ ಮನೆಯಲ್ಲಿ ಉಳಿದವರ ಚಿತ್ರಗಳು. ಎಚಿಂಗ್‌ನ ನಯವಾದ ಬೂದುಬಣ್ಣಗಳಿಗೆ ಇಲ್ಲಿ ಅವಕಾಶವಿಲ್ಲ. ಕಪ್ಪು ಮತ್ತು ಬಿಳಿ, ಅಷ್ಟೇ. ಶಾಂತಿಯ ಮಾತನ್ನು ಭಿತ್ತಿಪತ್ರಗಳಲ್ಲಿ ಎಷ್ಟೋ ಕಡೆ ಓದಿದ್ದೇನೆ. ಕೊಲ್ವಿಟ್ಸ್ ಕೂಡ 1924ರಲ್ಲಿ ‘ಮತ್ತೆಂದೂ ಯುದ್ಧ ಬೇಡ’ ಎಂಬ ಪ್ರಸಿದ್ಧ ಭಿತ್ತಿಪತ್ರ ರಚಿಸಿದರು. ಆದರೆ ಈ ಏಳು ಹಾಳೆಗಳು ಆ ಘೋಷಣೆಗಿಂತ ಆಳಕ್ಕೆ ಇಳಿಯುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಗರದ ಮಧ್ಯಭಾಗದ ನೊಯೆ ವಾಖೆ ಸ್ಮಾರಕದಲ್ಲಿ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ಕುರಿತ ಕೊಲ್ವಿಟ್ಸ್ ಅವರ ಶಿಲ್ಪದ ಹಿಗ್ಗಿಸಿದ ಪ್ರತಿಯನ್ನು 1993ರಲ್ಲಿ ಇರಿಸಲಾಯಿತು. ಮೂಲಶಿಲ್ಪದ ಎತ್ತರ ಸುಮಾರು 38 ಸೆಂಟಿಮೀಟರ್ ಮಾತ್ರ. ಕೈಗಳಲ್ಲಿ ಎತ್ತಿಕೊಳ್ಳಬಹುದಾದ ಗಾತ್ರದಲ್ಲಿದ್ದ ಆಪ್ತತೆ ರಾಷ್ಟ್ರಸ್ಮಾರಕದ ಗಾತ್ರದಲ್ಲಿ ಉಳಿದಿಲ್ಲವೆಂದು ನನಗನ್ನಿಸುತ್ತದೆ. ಆದ್ದರಿಂದ ಮೊದಲು ಮ್ಯೂಸಿಯಂ, ಆಮೇಲೆ ಸ್ಮಾರಕ ಎಂಬ ಕ್ರಮ ಒಳ್ಳೆಯದು.

ಕಾಗದದ ಮೇಲಿನ ಕೃತಿಗಳು ಬೆಳಕಿಗೆ ಬೇಗ ಕೆಡುವುದರಿಂದ ಎಲ್ಲ ಚಿತ್ರಗಳೂ ಸದಾ ಗೋಡೆಯ ಮೇಲೆ ಇರುತ್ತವೆಂದು ನಿರೀಕ್ಷಿಸಬಾರದು. ಆದರೆ ಅವರ ಕೊನೆಯ ಕಲ್ಲಚ್ಚಿನ ಚಿತ್ರ ಪ್ರದರ್ಶನದಲ್ಲಿದ್ದರೆ ಅದನ್ನು ದಾಟಿ ಹೋಗಬೇಡಿ. ಬಿತ್ತನೆಯ ಬೀಜವನ್ನು ಬೀಸಬಾರದು ಎಂಬುದು ಅದರ ಹೆಸರು. ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗ ರಚಿಸಿದ್ದು. 1942ರಲ್ಲಿ, ಪೀಟರ್ ಎಂದೇ ಹೆಸರಿದ್ದ ಮೊಮ್ಮಗನೂ ರಣರಂಗದಲ್ಲಿ ಹತನಾದ. ಚಿತ್ರದಲ್ಲಿ ವಯಸ್ಸಾದ ಹೆಂಗಸೊಬ್ಬಳು ತನ್ನ ಎರಡು ತೋಳುಗಳನ್ನು ಮೇಲುಹೊದಿಕೆಯಂತೆ ಚಾಚಿ ಮೂವರು ಹುಡುಗರನ್ನು ಅದುಮಿಟ್ಟುಕೊಂಡಿದ್ದಾಳೆ. ಹುಡುಗರಿಗೆ ಭಯವಿಲ್ಲ, ಆ ತೋಳಿನ ಕೆಳಗಿನಿಂದ ಹೊರಗೆ ಇಣುಕುತ್ತಿದ್ದಾರೆ.