ಮುರಿದ ಹಬ್ ಸ್ಟಡ್: ಗಾಡಿ ಮೇಲೇ ಎಳೆಯೋದಾ, ಹಬ್ ಇಳಿಸಿ ಪ್ರೆಸ್‌ಗೆ ಕೊಡೋದಾ?

ನವಿ ಮುಂಬೈ ಪಕ್ಕದ ಕಳಂಬೋಲಿಯಲ್ಲಿ ಸ್ಟೀಲ್ ತುಂಬಿಸಿಕೊಂಡು ಪುಣೆ ದಾರಿಯ ಖಂಡಾಲಾ ಘಾಟ್ ಹತ್ತಬೇಕಾದ ಲಾರಿಯ ಹಿಂದಿನ ಚಕ್ರದಲ್ಲಿ ಹತ್ತರಲ್ಲೊಂದು ಸ್ಟಡ್ (ಚಕ್ರ ಕೂರುವ ಹಬ್‌ನಿಂದ ಹೊರಚಾಚಿ, ನಟ್ ಹಾಕಿ ಚಕ್ರ ಹಿಡಿಸುವ ಬೋಲ್ಟ್) ತುಂಡಾದರೆ ಗ್ಯಾರೇಜುಗಳಲ್ಲಿ ಸಿಗೋದು ಮೂರು ದಾರಿ. ಮೂರರ ಕೆಲಸವನ್ನೂ ನೋಡಿ ಹೇಳುತ್ತಿದ್ದೇವೆ.

ತುಂಡಿಗೆ ವೆಲ್ಡಿಂಗ್ ಮಾಡಿಸೋದು ಬೇಡವೇ ಬೇಡ. ಸ್ಟಡ್ ಅಂದರೆ 10.9 ಅನ್ನೋ ಗಟ್ಟಿ ಬೋಲ್ಟ್ ದರ್ಜೆಯ, ಕಾಯಿಸಿ ಹದ ಕೊಟ್ಟ ಉಕ್ಕು. ವೆಲ್ಡಿಂಗ್ ಕಾವಿಗೆ ಆ ಹದ ಕೆಡುತ್ತೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತೆ.

ಗಾಡಿ ಮೇಲೇ ಎಳೆಯೋದು, ಅಂದರೆ ಹಬ್ ಇಳಿಸದೆ ಹೊಸ ಸ್ಟಡ್ಡನ್ನು ನಟ್ ಬಿಗಿದು ಎಳೆದು ಕೂರಿಸೋದು, ಬೇಗ ಮುಗಿಯುವ ಕೆಲಸ. ಆದರೆ ಬ್ರೇಕ್ ಡ್ರಮ್ ಹೊರಗಿನಿಂದ ಕಳಚುವಂತಿರಬೇಕು, ಸ್ಟಡ್ ಹಿಂದಕ್ಕೆ ಬರಲು ಹಬ್ಬಿನ ಹಿಂದೆ ಜಾಗ ಇರಬೇಕು. ಜಾಕ್ ಜೊತೆಗೆ ಸ್ಟ್ಯಾಂಡ್ ಕೊಟ್ಟು, ಚಕ್ರ, ಡ್ರಮ್ ತೆಗೆದು, ಬ್ರೇಕ್ ಶೂ ಅಡ್ಡ ಬಾರದ ಕಡೆಗೆ ಹಬ್ ತಿರುಗಿಸಿ ತುಂಡನ್ನು ಹಿಂದಕ್ಕೆ ಹೊಡೆಯಬೇಕು. ಗ್ಯಾಸ್ ಕಾವು ಕೊಟ್ಟರೆ ಆಯಿಲ್ ಸೀಲ್, ಗ್ರೀಸ್ ಎರಡೂ ಹೋದವು. ಹೊಸ ಸ್ಟಡ್‌ನ ಹಲ್ಲುಗಳನ್ನು ಹಬ್‌ನ ಹಳೇ ಗೆರೆಗಳಿಗೆ ಹೊಂದಿಸಿ, ದಪ್ಪ ಪೈಪಿನ ತುಂಡು, ವಾಷರ್, ಗ್ರೀಸ್ ಹಚ್ಚಿದ ಹಳೇ ನಟ್ ಹಾಕಿ ಕೈಪಾನಾದಿಂದ ಎಳೀಬೇಕು. ಇಂಪ್ಯಾಕ್ಟ್ ಗನ್ ಹಿಡಿದರೆ ಥ್ರೆಡ್ ಹಿಗ್ಗುತ್ತೆ. ಕೆಲಸ ಕೆಡೋದು ಹೆಚ್ಚಾಗಿ ಒಂದೇ ಕಡೆ: ಸ್ಟಡ್ ತಲೆ ಪೂರ್ತಿ ಕೂತಿರೋದಿಲ್ಲ. ಲೋಡಿನಲ್ಲಿ ಅದು ಒಳಕ್ಕೆ ಸರಿದಾಗ ನಟ್‌ನ ಬಿಗಿ ಇಳಿಯುತ್ತೆ. ತಲೆಯ ಕೆಳಗೆ ಸಂದು ಅಳೆಯುವ ಅತಿ ತೆಳು ಪಟ್ಟಿ (ಫೀಲರ್ ಗೇಜ್) ಕೂಡ ತೂರಬಾರದು.

ಪ್ರೆಸ್‌ಗೆ (ಸ್ಟಡ್ ಒತ್ತಿ ಕೂರಿಸುವ ಯಂತ್ರಕ್ಕೆ) ಕೊಡಲು ಆಕ್ಸಲ್ ಶಾಫ್ಟ್, ಬೇರಿಂಗ್, ಹಬ್ ಎಲ್ಲ ಇಳಿಸಬೇಕು. ಹೊಸ ಆಯಿಲ್ ಸೀಲ್, ಗ್ರೀಸ್, ಬೇರಿಂಗ್ ಸೆಟಿಂಗ್ ಖರ್ಚು, ಅರ್ಧ ದಿನ. ಬದಲಿಗೆ ಸ್ಟಡ್ ನೆಟ್ಟಗೆ ಕೂರುತ್ತೆ, ಹಬ್‌ನ ತೂತು ಅಗಲವಾಗಿದೆಯಾ, ಬಿರುಕಿದೆಯಾ ಕಣ್ಣಿಗೆ ಕಾಣುತ್ತೆ. ಹೊಸ ಸ್ಟಡ್ ಕೈಯಿಂದಲೇ ಒಳಗೆ ಹೋದರೆ ಆ ಹಬ್ ಬದಲಿಸಬೇಕು. ಅಂಟು, ವೆಲ್ಡಿಂಗ್ ಚುಕ್ಕೆ ಅದಕ್ಕೆ ಮದ್ದಲ್ಲ.

ಒಂದೇ ಮುರಿದು ತೂತು ಬಿಗಿಯಾಗಿದ್ದರೆ ಗಾಡಿ ಮೇಲೆ ಎಳೆದರೂ ಸಾಕು. ಎರಡು ಮುರಿದರೆ, ಇಲ್ಲವೇ ಬ್ರೇಕ್ ಲೈನರ್ ಕೆಲಸ ಹೇಗೂ ಹತ್ತಿರವಿದ್ದರೆ, ಪ್ರೆಸ್ಸೇ ಸರಿ. ಯಾವುದಾದರೂ ಸರಿ, ಮುರಿದದ್ದರ ಎಡಬಲದ ಸ್ಟಡ್ ಬದಲಿಸಲೇಬೇಕು, ಅದರ ಭಾರವನ್ನು ಹೊತ್ತದ್ದು ಅವೇ. ಎರಡು ಮುರಿದಿದ್ದರೆ ಆ ಚಕ್ರದ ಹತ್ತೂ ಹೊಸವು. ಮುರಿದ ಮುಖವನ್ನೂ ನೋಡಿ: ನುಣುಪು ಭಾಗದಲ್ಲಿ ಅಲೆಗೆರೆ ಇದ್ದರೆ ನಟ್ ಬಹಳ ದಿನ ಸಡಿಲವಿದ್ದದ್ದು, ಕುತ್ತಿಗೆ ಸಣ್ಣಗಾಗಿ ಹರಿದಿದ್ದರೆ ಪಾನಾ ಹಿಡಿಗೆ ಪೈಪು ಹಾಕಿ ಅತಿಯಾಗಿ ಬಿಗಿದದ್ದು. ಹಳೇ ಗಾಡಿಗಳ ಎಡ ಚಕ್ರದಲ್ಲಿ ಥ್ರೆಡ್ ಉಲ್ಟಾ ಇರಬಹುದು, ಸ್ಟಡ್ ತುದಿಯಲ್ಲಿ ‘ಎಲ್’ ಗುರುತು ಹುಡುಕಿ.

ರಿಮ್, ಡ್ರಮ್, ಹಬ್ ಕೂರುವ ಮುಖಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ದಪ್ಪ ಬಣ್ಣ, ತುಕ್ಕು ತೆಗೆದು, ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. 22 ಎಂಎಂ ಸ್ಟಡ್, 1.5 ಪಿಚ್ (ಥ್ರೆಡ್‌ಗಳ ನಡುವಿನ ಎಂಎಂ ಅಂತರ), ಅಗಲ ಬುಡದ ಫ್ಲೇಂಜ್ ನಟ್ ಆದರೆ ಬಿಗಿಯುವ ಬಲ (ಟಾರ್ಕ್) ಸಾಮಾನ್ಯವಾಗಿ 600ರಿಂದ 680 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. 80ರಿಂದ 160 ಕಿ.ಮೀ. ಒಳಗೆ ಮತ್ತೆ ಟಾರ್ಕ್ ನೋಡಬೇಕು. ಕಳಂಬೋಲಿಯಿಂದ ಹೊರಟವರು ಪುಣೆಯಲ್ಲಿ ನಿಲ್ಲಿಸಿ, ಚಕ್ರ ತಣ್ಣಗಾದ ಮೇಲೆ ನೋಡಿ. ಮೊದಲ ಸಲ ನಟ್ ಸ್ವಲ್ಪ ತಿರುಗೋದು ಸಹಜ. ಮುಂದಿನ ಸಲವೂ ತಿರುಗಿದರೆ ಗಾಡಿ ಅಲ್ಲೇ ನಿಲ್ಲಲಿ, ಚಕ್ರ ಬಿಚ್ಚಿ ಸ್ಟಡ್ ತಲೆ ನೋಡಿ.