ಕುಳ್ಳಗಿರೋರಿಗೆ, ಹೈಸ್ಕೂಲ್-ಪಿಯುಸಿ ಮಕ್ಕಳಿಗೆ ಯಾವ ಎಲೆಕ್ಟ್ರಿಕ್ ಗಾಡಿ? ಮೂರು ಥರದ್ದು ಓಡಿಸಿ ನೋಡಿದ್ವಿ

ಅಕ್ಕನ ಮಗ ಒಂಬತ್ತನೇ ಕ್ಲಾಸು, ನನ್ನ ಮಗಳು ಫಸ್ಟ್ ಪಿಯುಸಿ, ಇಬ್ರೂ ಇನ್ನೂ ಐದಡಿ ದಾಟಿಲ್ಲ, ನನ್ನ ಎತ್ತರವೂ ನಾಲ್ಕಡಿ ಹತ್ತಿಂಚು. ನಮ್ಮ ಥರದೋರಿಗೆ ಸರಿಹೋಗೋ ಎಲೆಕ್ಟ್ರಿಕ್ ಗಾಡಿ ಯಾವ್ದು ಅಂತ ಪೆಡಲ್ ಇರೋ ಇ-ಸೈಕಲ್, ಲೈಸೆನ್ಸ್ ಬೇಡದ 25 ಕಿ.ಮೀ. ಸ್ಪೀಡಿನ ಸ್ಕೂಟರ್, ನಂಬರ್ ಪ್ಲೇಟ್ ಇರೋ ದೊಡ್ಡ ಸ್ಕೂಟರ್, ಮೂರನ್ನೂ ಬೆಂಗಳೂರಿನ ನಮ್ಮ ಹನುಮಂತನಗರದ ಕಡೆನೇ ಓಡಿಸಿ ನೋಡಿದ್ವಿ (ದೊಡ್ಡದನ್ನ ನಾನು ಮಾತ್ರ, ಮಕ್ಕಳಿಗೆ ಸ್ಟ್ಯಾಂಡ್ ಹಾಕಿ ಕೂರಿಸಿದ್ದಷ್ಟೇ). ಅಂಗಡಿಗೆ ಹೋದ್ರೆ ಎಲ್ರೂ ರೇಂಜು, ಟಾಪ್ ಸ್ಪೀಡು, ಟಚ್ ಸ್ಕ್ರೀನು ಅಂತಾನೇ ಶುರು ಮಾಡ್ತಾರೆ, ಆದ್ರೆ ಚಿಕ್ಕ ಮೈಕಟ್ಟಿನೋರು ಬೀಳೋದು ಜಾಸ್ತಿ ಗಾಡಿ ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ. ಅದಕ್ಕೇ ನಾವು ನೋಡಿದ್ದೆಲ್ಲ ಕಾಲು ಎಟುಕತ್ತಾ, ತೂಕ ತಡ್ಕೊಳ್ಳೋಕಾಗತ್ತಾ, ಕರೆಂಟು ಮೆತ್ತಗೆ ಬರತ್ತಾ ಅಥವಾ ಜಗ್ಗತ್ತಾ, ಇಷ್ಟನ್ನೇ.

ಕಾನೂನಿನ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ಮೋಟಾರ್ 250 ವ್ಯಾಟ್ ದಾಟಬಾರ್ದು, ಸ್ಪೀಡು 25 ದಾಟಬಾರ್ದು, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರಬಾರ್ದು, ಆಗ ಅದನ್ನ ಮೋಟಾರ್ ವಾಹನ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ಲೈಸೆನ್ಸೂ ಬೇಡ ರಿಜಿಸ್ಟ್ರೇಷನ್ನೂ ಬೇಡ. ಇದಕ್ಕಿಂತ ಮೇಲಿಂದು 18 ತುಂಬದ ಮಕ್ಕಳ ಕೈಗೆ ಕೊಟ್ರೆ ಮೋಟಾರ್ ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಗಾಡಿ ಕೊಟ್ಟ ದೊಡ್ಡೋರ ಮೇಲೇ ಕೇಸು, 25 ಸಾವಿರ ದಂಡ, ಮೂರು ವರ್ಷದ ತನಕ ಜೈಲು, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು. 16 ತುಂಬಿದ್ರೆ 50 ಸಿಸಿ ಒಳಗಿನ ಗಾಡಿಗೆ ಅವಕಾಶ ಇದೆ ನಿಜ, ಆದ್ರೆ ಐಕ್ಯೂಬ್, ಏಥರ್ ಥರದ ನಂಬರ್ ಪ್ಲೇಟ್ ಇರೋ ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್‌ಗಳು ಆ ಲೆಕ್ಕಕ್ಕೆ ಬರಲ್ಲ.

ಈಗ ಇ-ಸೈಕಲ್. ಸಾಮಾನ್ಯವಾಗಿ 20ರಿಂದ 25 ಕೆಜಿ ಒಳಗೇ ಇರತ್ತೆ, ವಾಲಿದ್ರೂ ಮಕ್ಕಳೇ ಹಿಡ್ಕೊಂಡು ನಿಲ್ಲಿಸ್ತಾರೆ, ಅರ್ಧ ಭಯ ಅಲ್ಲೇ ಹೋಗತ್ತೆ. ಆದ್ರೆ ಅಂಗಡೀಲಿ ಜಾಸ್ತಿ ಸಿಗೋದು 27.5 ಇಂಚಿನ ಚಕ್ರದ್ದು, ಮೇಲೆ ಅಡ್ಡ ರಾಡ್ ಬೇರೆ. ನನ್ನ ಮಗಳು ಸೀಟು ಪೂರ್ತಿ ಇಳಿಸಿದ್ರೂ ತುದಿಗಾಲಲ್ಲೇ ಇದ್ಲು, ಸಿಗ್ನಲ್‌ನಲ್ಲಿ ಇಳಿದು ನಿಂತ್ರೆ ರಾಡ್ ಒತ್ತುತ್ತೆ. ರಾಡ್ ಕೆಳಗಿಳಿದಿರೋ ಫ್ರೇಮು, 24 ಅಥವಾ 26 ಇಂಚಿನ ಚಕ್ರದ್ದು ತರಿಸಿ ಕೂರಿಸಿದ ತಕ್ಷಣ ಎರಡು ಪಾದವೂ ನೆಲಕ್ಕೆ ಬಂತು. ಐದಡಿ ಒಳಗಿರೋರು 27.5ನ್ನ ಆಫರ್ ಇದೆ ಅಂತ ತಗೋಬೇಡಿ, ದಯವಿಟ್ಟು.

ಇನ್ನೊಂದು, ಕಡಿಮೆ ಬೆಲೆಯ ಇ-ಸೈಕಲ್‌ಗಳಲ್ಲಿ ಪೆಡಲ್ ಸುತ್ತುತ್ತಾ ಇದ್ಯಾ ಇಲ್ವಾ ಅನ್ನೋದನ್ನ ಮಾತ್ರ ಸೆನ್ಸರ್ ನೋಡತ್ತೆ, ನೀವು ಎಷ್ಟು ಜೋರಾಗಿ ತುಳೀತಿದ್ದೀರಾ ಅಂತ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ತುಳಿದ ಅರೆಗಳಿಗೆ ಆದ್ಮೇಲೆ ಮೋಟಾರ್ ಒಮ್ಮೆಲೇ ತಳ್ಳತ್ತೆ. ನೇರ ರಸ್ತೇಲಿ ಮಜಾ, ಗಲ್ಲಿ ತಿರುವಲ್ಲಿ ಅಲ್ಲ, ಹುಡುಗ ಯು-ಟರ್ನ್ ಮಾಡ್ತಾ ಅಭ್ಯಾಸಬಲದಲ್ಲಿ ಒಂದು ಸುತ್ತು ತುಳಿದ, ಸೈಕಲ್ಲು ಹೊರಗಡೆ ಎಳ್ಕೊಂಡು ಮೋರಿ ಅಂಚಿಗೆ ಹೋಯ್ತು. ಬ್ರೇಕ್ ಹಿಡಿದ ಕೂಡ್ಲೇ ಮೋಟಾರ್ ಕಟ್ ಆಗೋ ವ್ಯವಸ್ಥೆ ಇದ್ದಿದ್ರಿಂದ ಅಲ್ಲೇ ನಿಂತ. ತುಳಿತದ ಬಲ ಅಳೆಯೋ ಟಾರ್ಕ್ ಸೆನ್ಸರ್ ಇರೋದ್ರಲ್ಲಿ ಈ ಜಗ್ಗಾಟ ಇರಲ್ಲ, ಆದ್ರೆ ಬೆಲೆ ಸುಮಾರು ಜಾಸ್ತಿ. ಅಷ್ಟು ಹಾಕೋಕಾಗದಿದ್ರೆ ಕಲಿಯೋ ತನಕ ಅಸಿಸ್ಟ್ (ಮೋಟಾರ್ ಎಷ್ಟು ತಳ್ಳಬೇಕು ಅನ್ನೋ ಸೆಟ್ಟಿಂಗು) ಒಂದನೇ ಲೆವೆಲ್ಲಲ್ಲೇ ಇರಲಿ, ತಿರುವಲ್ಲಿ ತುಳಿಯೋದು ನಿಲ್ಲಿಸೋಕೆ ಹೇಳ್ಕೊಡಿ.

ಲೋ-ಸ್ಪೀಡ್ ಸ್ಕೂಟರ್, ಅಂದ್ರೆ ಲೈಸೆನ್ಸ್ ಬೇಡದ 25ರದ್ದು, ನೋಡೋಕೆ ಇವೆಲ್ಲಕ್ಕಿಂತ ಸುಲಭ. ಸೀಟು ತಗ್ಗು, ಚಕ್ರ ಚಿಕ್ಕದು, ಬ್ಯಾಗ್ ಇಡೋಕೆ ಜಾಗ, ಚೂಡಿದಾರದಲ್ಲೂ ಆರಾಮು, ಮಗಳಿಗೆ ಮೊದಲ ನೋಟಕ್ಕೇ ಇದು ಇಷ್ಟ. ಇಲ್ಲಿ ಬ್ಯಾಟರಿ ಯಾವ್ದು ಅಂತ ಕೇಳ್ಲೇಬೇಕು. ಲೆಡ್ ಆಸಿಡ್ ಆದ್ರೆ 60 ವೋಲ್ಟ್‌ಗೆ 12 ವೋಲ್ಟಿನ ಐದು ಬ್ಯಾಟರಿ, ಒಂದೊಂದೂ ಆರು ಕೆಜಿ ಮೇಲೆ, ಅಂದ್ರೆ ಬ್ಯಾಟರಿಯೇ 30 ಕೆಜಿ ದಾಟತ್ತೆ, ಸೆಂಟರ್ ಸ್ಟ್ಯಾಂಡ್ ಹಾಕೋಕೆ ನಾನೇ ಒದ್ದಾಡ್ದೆ. ಲಿಥಿಯಂದು ಅದೇ ಸೈಜಿಗೆ ಎಷ್ಟೋ ಹಗುರ, ಬಿಚ್ಚಿ ಮನೆ ಒಳಗೆ ತಂದು ಚಾರ್ಜ್ ಹಾಕೋಕೂ ಆಗತ್ತೆ, ನಮ್ಮ ಥರ ಎರಡನೇ ಮಹಡೀಲಿರೋರಿಗೆ ಇದು ದೊಡ್ಡ ವಿಷ್ಯ. ಕರೆಂಟ್ ಖರ್ಚು ಯೋಚ್ನೆನೇ ಬೇಡ, 60 ವೋಲ್ಟ್ 20 ಆಂಪ್ ಅವರ್ ಅಂದ್ರೆ 1.2 ಯೂನಿಟ್, ಪೋಲಾಗೋದು ಸೇರಿಸಿದ್ರೂ ಫುಲ್ ಚಾರ್ಜಿಗೆ ಹತ್ತು ರೂಪಾಯಿ ಆಸುಪಾಸು.

ಆದ್ರೆ ಏರು ಬಂದಾಗ ಕಥೆ ಬೇರೆ. ರಾಮಾಂಜನೇಯ ಗುಡ್ಡದ ಸುತ್ತಮುತ್ತ ರಸ್ತೆ ನೋಡಿದೋರಿಗೆ ಗೊತ್ತು, ಕೆಲವು ಕಡೆ ನಡೆಯೋಕೇ ಏದುಸಿರು ಬರತ್ತೆ. ನೂರು ಮೀಟರಿಗೆ ಹತ್ತು ಮೀಟರ್ ಏರಿದೆ ಅಂದ್ಕೊಳ್ಳಿ, ಸ್ಕೂಟರು ಪ್ಲಸ್ ಸವಾರ ಸೇರಿ 130 ಕೆಜಿ ಆದ್ರೆ 250 ವ್ಯಾಟಿಗೆ ಗಂಟೆಗೆ ಏಳು ಕಿ.ಮೀ. ಹತ್ರ ಬರತ್ತೆ ಅಷ್ಟೇ, ಅದೇ ಸೈಕಲ್ಲು ಪ್ಲಸ್ ಹುಡುಗ 70 ಕೆಜಿ, ಅವನೂ ಸ್ವಲ್ಪ ತುಳಿದ್ರೆ ಹದಿನೈದರ ಹತ್ರ ಹೋಗತ್ತೆ. ನಾವು ನೋಡಿದ್ದೂ ಹೆಚ್ಚುಕಮ್ಮಿ ಹಾಗೇ, ಸ್ಕೂಟರ್ ಮಧ್ಯದಲ್ಲಿ ತೆವಳೋಕೆ ಶುರು ಮಾಡ್ತು, ಹಿಂದೆ ಆಟೋದೋರ ಹಾರ್ನ್, ಸೈಕಲ್ ಹುಡುಗ ಮೇಲೆ ಹೋಗಿ ಕಾಯ್ತಿದ್ದ. ಜಯನಗರದ ಥರ ಸಮತಟ್ಟು ಏರಿಯಾದೋರಿಗೆ ಇದು ಸಮಸ್ಯೆನೇ ಆಗದೇ ಇರಬಹುದು, ನಮ್ಮ ಕಡೆ ಮಾತ್ರ ಇಲ್ಲೇ ತೀರ್ಮಾನ ಆಗೋಯ್ತು.

ಇದೇ 25ರ ಸ್ಕೂಟರಿಗೆ ಒಂದು ಅಂಗಡೀಲಿ "ವೈರ್ ಒಂದು ತೆಗೆದ್ರೆ 40 ಹೋಗತ್ತೆ ಮೇಡಂ, ಎಲ್ರೂ ಮಾಡಿಸ್ಕೋತಾರೆ" ಅಂದ್ರು. ನನಗೆ ನಿಜವಾಗ್ಲೂ ಸಿಟ್ಟು ಬಂತು. ವೈರ್ ತೆಗೆದ ಕ್ಷಣದಿಂದ ಅದು ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರ್ ವಾಹನ, ಅದರ ಬ್ರೇಕು ಟೈರು ಆ ಸ್ಪೀಡಿಗೆ ಮಾಡಿದ್ದೂ ಅಲ್ಲ, ಮೇಲೆ ಕೂತಿರೋದು ನಮ್ಮ ಮಗು.

ಥ್ರಾಟಲ್ (ಬಲಗೈಲಿ ತಿರುಗಿಸೋ ಎಕ್ಸಿಲರೇಟರ್) ಬಗ್ಗೆ ಒಂದು ಎಚ್ಚರಿಕೆ, ಯಾವ ಸ್ಕೂಟರಿಗೂ ಅನ್ವಯಿಸತ್ತೆ. ಸದ್ದಿಲ್ಲದ ಗಾಡಿ ಆನ್ ಇದೆ ಅಂತಾನೇ ನೆನಪಿರಲ್ಲ. ಮಗಳು ಇಳಿದು ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ತಳ್ಳೋಕೆ ಹೋದ್ಲು, ಬಲಗೈ ಮಣಿಕಟ್ಟು ತಿರುಗ್ತು, ಗಾಡಿ ಗೇಟಿಗೆ ನುಗ್ತು. ಇಳಿಯೋಕೆ ಮುಂಚೆ ಕೀ ಆಫ್ ಅಥವಾ ಪಾರ್ಕ್ ಬಟನ್, ಇದನ್ನ ಮೊದಲ ಪಾಠ ಮಾಡಿ.

ದೊಡ್ಡ ಸ್ಕೂಟರ್ ನನಗಾಗಿ ನೋಡಿದ್ದು. ಐಕ್ಯೂಬ್ ಸೀಟಿನ ಎತ್ತರ 770 ಮಿ.ಮೀ., ಏಥರ್‌ನ 450, ರಿಜ್ಟಾ ಅನ್ನೋ ಎರಡು ಮಾಡೆಲ್‌ದೂ 780 ಮಿ.ಮೀ., ತೂಕ ಎಲ್ಲಾ 110 ಕೆಜಿ ಆಸುಪಾಸು ಇಲ್ಲಾ ಅದಕ್ಕಿಂತ ಮೇಲೆ. ಹಳೇ ಪೆಟ್ರೋಲ್ ಸ್ಕೂಟಿ ಪೆಪ್ ಪ್ಲಸ್ ಓಡಿಸ್ತಿದ್ದ ಹೆಂಗಸರಿಗೆ ಗೊತ್ತಿರತ್ತೆ, ಅದರ ಸೀಟೂ 768, ಆದ್ರೆ ತೂಕ 93 ಅಷ್ಟೇ, ಸೀಟು ಕಿರಿದು. ಎತ್ತರ ಒಂದೇ ಇದ್ರೂ ಸೀಟು ಅಗಲ ಆದಷ್ಟೂ ತೊಡೆ ಹರಡಿ ಕಾಲಿನ ಉದ್ದ ಕಳೆದುಹೋಗತ್ತೆ, ಇದನ್ನ ಸ್ಪೆಕ್ ಶೀಟ್ ಹೇಳಲ್ಲ, ಕೂತೇ ನೋಡ್ಬೇಕು. ಈ ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಮೋಟಾರಿಂದಲೇ ಹಿಂದಕ್ಕೆ ಹೋಗೋ ಪಾರ್ಕ್ ಅಸಿಸ್ಟ್ ಇರೋದು ನನ್ನ ಥರದೋರಿಗೆ ದೊಡ್ಡ ಉಪಕಾರ, ಏರಿನಲ್ಲಂತೂ ಮೂರರಲ್ಲಿ ಇದೇ ರಾಜ. ಮಗಳಿಗೆ 18 ಆಗಿ ಲೈಸೆನ್ಸ್ ಬರಲಿ, ಆಗ ನೋಡೋಣ ಅಂತ ಬಿಟ್ವಿ.

ಕೊನೆಗೆ ಅಕ್ಕನ ಮಗನಿಗೂ ಮಗಳಿಗೂ ಇ-ಸೈಕಲ್ಲೇ ಆಯ್ತು, 26 ಇಂಚು, ಡಿಸ್ಕ್ ಬ್ರೇಕು. ಬ್ರೇಕ್ ಲಿವರ್ ಹತ್ರ ಒಂದು ಚಿಕ್ಕ ಸ್ಕ್ರೂ ಇರತ್ತೆ, ಅದನ್ನ ತಿರುಗಿಸಿ ಲಿವರನ್ನ ಹ್ಯಾಂಡಲ್ ಹತ್ರಕ್ಕೆ ತರಿಸಿದ್ಮೇಲೆ ಮಗಳ ಬೆರಳು ಸರಿಯಾಗಿ ಎಟುಕ್ತು, ಅಂಗಡಿಯೋರು ತಾವಾಗೇ ಮಾಡಲ್ಲ, ಕೇಳಿ ಮಾಡಿಸ್ಕೊಳ್ಳಿ. ಮಡ್‌ಗಾರ್ಡೂ ಹಾಕಿಸಿ, ಮಳೇಲಿ ಯೂನಿಫಾರ್ಮ್ ಬೆನ್ನೆಲ್ಲಾ ಕೆಸರಾಗತ್ತೆ. ಹೆಲ್ಮೆಟ್ 25 ಸ್ಪೀಡಿಗೂ ಬೇಕು, ಇದ್ರಲ್ಲಿ ಚೌಕಾಸಿ ಬೇಡ. ಇನ್ನು ಟೆಸ್ಟ್ ರೈಡಿಗೆ ಹೋಗುವಾಗ ಮಕ್ಕಳು ದಿನಾ ಹಾಕೋ ಶೂ ಹಾಕ್ಕೊಂಡು, ಪುಸ್ತಕ ತುಂಬಿದ ಬ್ಯಾಗ್ ಬೆನ್ನಿಗೆ ಹಾಕ್ಕೊಂಡೇ ಹೋಗ್ಲಿ, ಬ್ಯಾಗ್ ಏರಿದ್ಮೇಲೆ ಅದೇ ಗಾಡಿಯ ಬ್ಯಾಲೆನ್ಸೇ ಬೇರೆ ಥರ ಇರತ್ತೆ.